ಆಸ್ಪತ್ರೆಯಲ್ಲೇ ವಾಸವಾಗಿದ್ದವರು

ಬೆಂಗಳೂರಿನಲ್ಲಿ ರೆಸಿಡೆನ್ಸಿ ರಸ್ತೆ ಎಂಬುದೊಂದಿದೆ. ಮೈಸೂರು ಸಂಸ್ಥಾನದ ಮೇಲೆ ಕಣ್ಣಿಡಲು ಬ್ರಿಟಿಷರು ನೇಮಿಸಿದ್ದ ‘ರೆಸಿಡೆಂಟ್’ ಎಂಬ ಅಧಿಕಾರಿಯ ನೆನಪು ಆ ಹೆಸರಿನಲ್ಲಿ ಉಳಿದುಕೊಂಡಿದೆ. ಅರಸರೂ ದಿವಾನರೂ ಆತನ ಮುಖ ನೋಡಿಕೊಂಡು ಹೆಜ್ಜೆ ಇಡಬೇಕಾಗಿತ್ತು. ಅದೇ ಹೆಸರಿನ ಇನ್ನೊಂದು ಹುದ್ದೆ ನಮ್ಮ ದೊಡ್ಡಾಸ್ಪತ್ರೆಗಳಲ್ಲಿದೆ. ಈ ರೆಸಿಡೆಂಟರ ಮುಖವನ್ನು ಮಾತ್ರ ಯಾರೂ ನೋಡುವುದಿಲ್ಲ, ರಾತ್ರಿ ಎರಡು ಗಂಟೆಗೆ ಕ್ಯಾಶುಯಲ್ಟಿಯ ಬಾಗಿಲಲ್ಲಿ ನಿಂತ ರೋಗಿಯ ಕಡೆಯವರನ್ನು ಬಿಟ್ಟರೆ.

ಎಂ.ಬಿ.ಬಿ.ಎಸ್. ಮುಗಿಸಿ ಎಂ.ಡಿ. ಅಥವಾ ಎಂ.ಎಸ್. ಓದಲು ಸೇರಿದವರ ಮೂರು ವರ್ಷದ ಬದುಕಿಗೆ ಆ ಹೆಸರು. ರೋಗಿಗಳ ಪಾಲಿಗೆ ಅವರು ‘ಡ್ಯೂಟಿ ಡಾಕ್ಟ್ರು’. ಪ್ರೊಫೆಸರರ ಪಾಲಿಗೆ ‘ನಮ್ಮ ಪೀಜಿ’. ಮನೆಯವರನ್ನು ಕೇಳಿದರೆ ‘ಇನ್ನೂ ಓದ್ತಾ ಇದ್ದಾಳೆ’ ಎನ್ನುತ್ತಾರೆ. ಓದುವವರೋ ದುಡಿಯುವವರೋ ಎಂಬ ಈ ಗೊಂದಲ ಇಂದು ನಿನ್ನೆಯದಲ್ಲ. ಅದರ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ, ಇತ್ತೀಚಿನ ವರ್ಷಗಳಲ್ಲಿ ನಾವು ಪತ್ರಿಕೆಗಳಲ್ಲಿ ಓದಿ ನಿಟ್ಟುಸಿರು ಬಿಟ್ಟು ಮಡಚಿಟ್ಟ ಹಲವು ಸುದ್ದಿಗಳು ಅರ್ಥವಾಗತೊಡಗುತ್ತವೆ.

ವೈದ್ಯ ವಿದ್ಯೆಯನ್ನು ಆಸ್ಪತ್ರೆಯೊಳಗೇ ಕಲಿಸುವ ಪದ್ಧತಿ ಹಳೆಯದು. ಮಧ್ಯಯುಗದ ಬಗ್ದಾದಿನಲ್ಲಿ ಆಸ್ಪತ್ರೆಗೆ ‘ಬೀಮಾರಿಸ್ತಾನ್’ ಎನ್ನುತ್ತಿದ್ದರು. ಉರ್ದು ಶಾಲೆಯ ಬೆಂಚಿನಲ್ಲಿ ಕೂತವರಿಗೆ ಈ ಪದದ ಅರ್ಥ ಹೇಳಿಕೊಡಬೇಕಾಗಿಲ್ಲ. ಅಬೂಬಕರ್ ಅರ್-ರಾಝಿ ಪಾಠ ಹೇಳುತ್ತಿದ್ದ ಬಗೆಯನ್ನು ಹತ್ತನೆಯ ಶತಮಾನದ ಇಬ್ನುನ್ನದೀಮ್ ತನ್ನ ‘ಅಲ್-ಫಿಹ್ರಿಸ್ತ್’ ಗ್ರಂಥದಲ್ಲಿ ದಾಖಲಿಸಿದ್ದಾನೆ. ರಾಝಿಯ ಸುತ್ತ ಅವನ ಹಿರಿಯ ಶಿಷ್ಯರು, ಅವರಾಚೆ ಅವರ ಶಿಷ್ಯರು, ಅದರಾಚೆ ಮತ್ತಷ್ಟು ಕಿರಿಯರು ಕುಳಿತಿರುತ್ತಿದ್ದರು. ಬಂದ ರೋಗಿ ಮೊದಲು ಹೊರಗಿನ ಸಾಲಿನವರಲ್ಲಿ ತನ್ನ ಕಷ್ಟ ಹೇಳಿಕೊಳ್ಳಬೇಕು. ಅವರಿಗೆ ತಿಳಿಯದಿದ್ದರೆ ಒಳಗಿನ ಸಾಲು. ಅವರಿಗೂ ತಿಳಿಯದಿದ್ದರೆ ಸ್ವತಃ ರಾಝಿ. ಇದರಲ್ಲಿ ನಮಗೆ ಮುಖ್ಯವೆನಿಸುವುದು ಸಾಲುಗಳ ಶಿಸ್ತಲ್ಲ. ಹೊರಸಾಲಿನ ಹುಡುಗ ‘ನನಗೆ ಗೊತ್ತಾಗಲಿಲ್ಲ’ ಎಂದು ಹೇಳಬಹುದಿತ್ತು, ಹೇಳಿದರೆ ಅದನ್ನು ಕೇಳುವ ಕಿವಿ ಅದೇ ಅಂಗಳದಲ್ಲಿತ್ತು.

ಅದೇ ಕಾಲದ ಆಸುಪಾಸಿನಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಇಸ್‌ಹಾಕ್ ಇಬ್ನ್ ಅಲಿ ಅರ್-ರುಹಾವಿ ‘ಅದಬುತ್ತಬೀಬ್’ ಎಂಬ ಪುಸ್ತಕ ಬರೆದ. ವೈದ್ಯನ ನಡೆನುಡಿಯ ಕುರಿತ ಇಪ್ಪತ್ತು ಅಧ್ಯಾಯಗಳ ಪುಸ್ತಕ ಅದು. ರೋಗಿಯ ವಿಷಯಕ್ಕೆ ಬರುವ ಮೊದಲೇ ಆತ ವೈದ್ಯನು ತನ್ನ ದೇಹವನ್ನೂ ತನ್ನ ಸ್ವಭಾವವನ್ನೂ ಹೇಗೆ ನೋಡಿಕೊಳ್ಳಬೇಕೆಂದು ಹೇಳುತ್ತಾನೆ. ಎಲ್ಲವೂ ನಮ್ಮವರಲ್ಲಿ ಮೊದಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ರುಹಾವಿ ಮುಸ್ಲಿಮನೋ ಕ್ರೈಸ್ತನೋ ಎಂಬುದರಲ್ಲಿಯೇ ವಿದ್ವಾಂಸರಿಗೆ ಒಮ್ಮತವಿಲ್ಲ. ವೈದ್ಯನಿಗೂ ದಣಿವಾಗುತ್ತದೆ ಎಂಬ ಸಾಮಾನ್ಯ ಜ್ಞಾನ ಹೊಸ ಸಂಶೋಧನೆಯೇನಲ್ಲ ಎಂದು ನೆನಪಿಸುವುದಷ್ಟೇ ನಮ್ಮ ಉದ್ದೇಶ. ಅದು ಯಾವಾಗ, ಹೇಗೆ ಮರೆತುಹೋಯಿತು ಎಂಬುದು ಮುಂದಿನ ಕತೆ.

ಇಂದಿನ ರೆಸಿಡೆನ್ಸಿ ಹುಟ್ಟಿದ್ದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಅಲ್ಲಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. ವೈದ್ಯಕೀಯ ವಿಭಾಗಕ್ಕೆ ವಿಲಿಯಂ ಆಸ್ಲರ್, ಶಸ್ತ್ರಚಿಕಿತ್ಸೆಗೆ ವಿಲಿಯಂ ಹಾಲ್‌ಸ್ಟೆಡ್. ಜರ್ಮನಿಯ ಆಸ್ಪತ್ರೆಗಳ ಮಾದರಿಯನ್ನು ನೋಡಿ ಬಂದಿದ್ದ ಇವರು, ಪದವಿ ಮುಗಿಸಿದ ಯುವ ವೈದ್ಯರು ಆಸ್ಪತ್ರೆಯಲ್ಲೇ ಉಳಿದು, ಅಲ್ಲೇ ಉಂಡು ಮಲಗಿ, ವರ್ಷಗಟ್ಟಲೆ ಕೆಲಸ ಕಲಿಯುವ ಏರ್ಪಾಡು ಮಾಡಿದರು. ವಾಸವಾಗಿರುವವನು ಎಂಬರ್ಥದ ರೆಸಿಡೆಂಟ್ ಎಂಬ ಹೆಸರು ಆಗ ಅಕ್ಷರಶಃ ನಿಜವಾಗಿತ್ತು. ಮದುವೆಯಾಗದೆ ಇರುವುದು ರೂಢಿ. ಹಾಲ್‌ಸ್ಟೆಡ್‌ನ ವಿಭಾಗ ಪಿರಮಿಡ್ಡಿನಂತಿತ್ತು. ಕೆಳಗೆ ಹಲವರು, ಮೇಲೇರಿದಂತೆ ಕೆಲವರು, ತುದಿಯಲ್ಲಿ ಒಬ್ಬ. ಎಷ್ಟು ವರ್ಷವಾದರೆ ಮುಗಿಯುತ್ತದೆ ಎಂಬ ನಿಯಮವಿರಲಿಲ್ಲ. ಗುರು ಸಾಕು ಎಂದಾಗ ಸಾಕು.

ಹಾಲ್‌ಸ್ಟೆಡ್ ಮಹಾ ಪ್ರತಿಭಾವಂತ. ಶಸ್ತ್ರಚಿಕಿತ್ಸೆಯಲ್ಲಿ ರಬ್ಬರ್ ಕೈಗವಸು ಬಂದದ್ದು ಅವನಿಂದ. ಆಪರೇಷನ್ ಥಿಯೇಟರಿನ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್‌ಳ ಕೈಗಳು ಕ್ರಿಮಿನಾಶಕ ದ್ರಾವಣದಿಂದ ಒಡೆಯುತ್ತಿದ್ದುದನ್ನು ಕಂಡು ಆತ ಗುಡ್‌ಇಯರ್ ಕಂಪೆನಿಗೆ ಹೇಳಿ ತೆಳು ಗವಸು ಮಾಡಿಸಿದ. 1890ರಲ್ಲಿ ಅವಳನ್ನೇ ಮದುವೆಯಾದ. ಕತೆ ಬರೆಯುವ ನಮ್ಮಂಥವರಿಗೆ ಇಷ್ಟವಾಗುವ ಪ್ರಸಂಗ ಇದು, ಆದರೆ ನಾವು ಹೇಳಹೊರಟದ್ದು ಬೇರೆ. 1884ರಲ್ಲಿ ಕೊಕೇನ್ ಹಚ್ಚಿದರೆ ಆ ಭಾಗ ಮರಗಟ್ಟುತ್ತದೆ ಎಂಬುದು ವೈದ್ಯಲೋಕಕ್ಕೆ ತಿಳಿಯಿತು. ನ್ಯೂಯಾರ್ಕಿನಲ್ಲಿದ್ದ ಹಾಲ್‌ಸ್ಟೆಡ್ ಮತ್ತು ಜೊತೆಗಾರರು ಅದನ್ನು ತಮ್ಮ ಮೈಮೇಲೆಯೇ ಪ್ರಯೋಗಿಸಿದರು. ಹಲವರು ಚಟಕ್ಕೆ ಬಿದ್ದರು, ಕೆಲವರು ಹಾಳಾಗಿಹೋದರು. ಹಾಲ್‌ಸ್ಟೆಡ್‌ನನ್ನು 1886ರಲ್ಲಿ ಪ್ರಾವಿಡೆನ್ಸ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಕೊಕೇನಿನ ಜಾಗಕ್ಕೆ ಮಾರ್ಫಿನ್ ಬಂತು. ಗೆಳೆಯ ವಿಲಿಯಂ ವೆಲ್ಚ್ ಅವನನ್ನು ಬಾಲ್ಟಿಮೋರಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಆತ ಚಟದಿಂದ ಮುಕ್ತನಾದನೆಂದೇ ಲೋಕ ನಂಬಿತ್ತು. 1922ರಲ್ಲಿ ಹಾಲ್‌ಸ್ಟೆಡ್ ತೀರಿಕೊಂಡ. ಆಸ್ಲರ್ ಬರೆದು ಮುಚ್ಚಿಟ್ಟಿದ್ದ ಆಸ್ಪತ್ರೆಯ ‘ಒಳಚರಿತ್ರೆ’ 1969ರಲ್ಲಿ ಬೆಳಕಿಗೆ ಬಂದಾಗಲೇ ಆತ ಬಾಲ್ಟಿಮೋರಿಗೆ ಬಂದ ಮೇಲೂ ಮಾರ್ಫಿನ್ ಬಿಟ್ಟಿರಲಿಲ್ಲವೆಂಬುದು ಎಲ್ಲರಿಗೂ ತಿಳಿದದ್ದು.

ರೆಸಿಡೆಂಟರ ನಿದ್ರೆಗೇಡಿತನಕ್ಕೆ ಹಾಲ್‌ಸ್ಟೆಡ್‌ನ ಕೊಕೇನೇ ಕಾರಣ ಎಂದು ಬರೆಯುವವರಿದ್ದಾರೆ. ಕತೆ ಚಂದವಾಗಿದೆ, ಅಷ್ಟು ಸರಳವಾಗಿರಲಾರದು. ಆಸ್ಪತ್ರೆಗೆ ಅಗ್ಗದ ಕೈಗಳು ಬೇಕಾಗಿದ್ದವು, ಕಲಿಯುವವರಿಗೆ ಗುರು ಬೇಕಾಗಿದ್ದ, ಎರಡೂ ಒಂದೇ ಛಾವಣಿಯಡಿ ಕೂಡಿದವು. ನಮ್ಮನ್ನು ಕಾಡುವುದು ಇನ್ನೊಂದು ಸಂಗತಿ. ಜಗತ್ತಿನ ವೈದ್ಯ ತರಬೇತಿಗೆ ಅಚ್ಚು ಹಾಕಿಕೊಟ್ಟವನೇ ಒಂದು ಕಾಯಿಲೆಯನ್ನು ದಶಕಗಳ ಕಾಲ ವೈದ್ಯರ ನಡುವೆಯೇ ಬಚ್ಚಿಟ್ಟುಕೊಂಡು ಬದುಕಿದ. ಗೊತ್ತಿದ್ದ ಗೆಳೆಯರು ಮಾನ ಉಳಿಸಲೆಂದು ಬಾಯಿ ಮುಚ್ಚಿಕೊಂಡರು. ಅವರದು ಗೆಳೆತನವೇ ಇರಬಹುದು. ಆದರೆ ವೈದ್ಯನಾದವನು ತನ್ನ ಕಾಯಿಲೆ ಹೇಳಿಕೊಳ್ಳಬಾರದು ಎಂಬ ಪಾಠವೂ ಆ ಅಚ್ಚಿನೊಳಗೇ ಸೇರಿಕೊಂಡಿತು.

ಅದಕ್ಕೊಂದು ತತ್ವವನ್ನು ಒದಗಿಸಿದವನು ಆಸ್ಲರ್. ಹಾಪ್ಕಿನ್ಸ್‌ಗೆ ಹೋಗುವ ಮೊದಲು, 1889ರ ಮೇ 1ರಂದು ಫಿಲಡೆಲ್ಫಿಯಾದಲ್ಲಿ ಹೊಸ ಪದವೀಧರರ ಮುಂದೆ ಆತ ‘ಈಕ್ವಾನಿಮಿಟಾಸ್’ ಎಂಬ ಭಾಷಣ ಮಾಡಿದ. ಸಮಚಿತ್ತ ಎಂದು ಕನ್ನಡದಲ್ಲಿ ಹೇಳಬಹುದು. ಏನೇ ಆದರೂ ವೈದ್ಯನ ಮುಖದಲ್ಲಿ ಕಳವಳ ಕಾಣಬಾರದು, ಮನಸ್ಸು ಅಲುಗಬಾರದು ಎಂಬುದು ಅದರ ತಿರುಳು. ರೋಗಿಯ ದೃಷ್ಟಿಯಿಂದ ಒಳ್ಳೆಯ ಮಾತೇ. ಕೈ ನಡುಗುವ ಸರ್ಜನ್ ಯಾರಿಗೆ ಬೇಕು? ಆದರೆ ಮುಖದಲ್ಲಿ ಕಾಣಬಾರದು ಎಂದದ್ದು ಪೀಳಿಗೆಯಿಂದ ಪೀಳಿಗೆಗೆ ಹೋಗುತ್ತಾ ಮನಸ್ಸಿನಲ್ಲಿಯೇ ಇರಬಾರದು ಎಂದಾಯಿತು. ಅಳುವ ರೆಸಿಡೆಂಟ್ ದುರ್ಬಲ, ಮಲಗಲು ಹೋಗುವವನು ಸೋಮಾರಿ, ರಜೆ ಕೇಳುವವನಿಗೆ ಈ ವೃತ್ತಿ ತಕ್ಕುದಲ್ಲ. ಇಂತಹ ಮಾತುಗಳನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಆದರೂ ಯಾವ ವಾರ್ಡಿನಲ್ಲಾದರೂ ಕೇಳಿ ನೋಡಿ.

ಹೀಗೆ ಸುಮಾರು ನೂರು ವರ್ಷ ನಡೆಯಿತು. ಮಧ್ಯೆ 1978ರಲ್ಲಿ ಸ್ಯಾಮ್ಯುಯೆಲ್ ಶೆಮ್ ಎಂಬ ಹೆಸರಿನಲ್ಲಿ ಒಬ್ಬ ಮನೋವೈದ್ಯ ‘ದಿ ಹೌಸ್ ಆಫ್ ಗಾಡ್’ ಎಂಬ ಕಾದಂಬರಿ ಬರೆದು ಇಂಟರ್ನ್‌ಗಳ ಕುಸಿತವನ್ನು ಒರಟು ನಗೆಯಲ್ಲಿ ಬಿಚ್ಚಿಟ್ಟ. ಹಿರಿಯ ವೈದ್ಯರು ಸಿಟ್ಟಾದರು, ಕಿರಿಯರು ಕದ್ದು ಓದಿದರು. ಆದರೆ ವ್ಯವಸ್ಥೆಯನ್ನು ಅಲುಗಿಸಿದ್ದು ಕಾದಂಬರಿಯಲ್ಲ, ಒಬ್ಬ ತಂದೆಯ ಕೋಪ.

1984ರ ಮಾರ್ಚ್ 4ರ ರಾತ್ರಿ ಹದಿನೆಂಟು ವರ್ಷದ ಲಿಬ್ಬಿ ಝಿಯಾನ್ ಎಂಬ ಹುಡುಗಿಯನ್ನು ಜ್ವರ, ಮೈನಡುಕದ ಕಾರಣ ನ್ಯೂಯಾರ್ಕ್ ಹಾಸ್ಪಿಟಲಿಗೆ ಸೇರಿಸಿದರು. ಅವಳನ್ನು ನೋಡಿಕೊಂಡವರು ತರಬೇತಿಯಲ್ಲಿದ್ದ ಇಬ್ಬರು ಯುವ ವೈದ್ಯರು. ಇಂಟರ್ನ್‌ಗೆ ಆ ರಾತ್ರಿ ನಲವತ್ತರಷ್ಟು ರೋಗಿಗಳ ಹೊಣೆ ಇತ್ತು. ಲಿಬ್ಬಿ ಖಿನ್ನತೆಗಾಗಿ ಫಿನೆಲ್‌ಝೀನ್ ಎಂಬ ಔಷಧ ಸೇವಿಸುತ್ತಿದ್ದಳು. ನಡುಕ ನಿಲ್ಲಿಸಲು ಪೆಥಿಡಿನ್ ಕೊಟ್ಟರು. ಎರಡೂ ಒಂದಕ್ಕೊಂದು ವಿಷ. ಹುಡುಗಿ ಹೊರಳಾಡತೊಡಗಿದಾಗ ಇಂಟರ್ನ್ ಫೋನಿನಲ್ಲೇ ಕೈಕಾಲು ಕಟ್ಟಲು ಹೇಳಬೇಕಾಯಿತು. ಬೆಳಗಿನ ಜಾವಕ್ಕೆ ಜ್ವರ 107 ಡಿಗ್ರಿ ದಾಟಿತು, ಹುಡುಗಿ ಉಳಿಯಲಿಲ್ಲ. ತಂದೆ ಸಿಡ್ನಿ ಝಿಯಾನ್ ಪತ್ರಕರ್ತ, ವಕೀಲಿಯನ್ನೂ ಬಲ್ಲವನು. ಸುಮ್ಮನೆ ಕೂರಲಿಲ್ಲ. ಪ್ರಕರಣ ಗ್ರ್ಯಾಂಡ್ ಜ್ಯೂರಿಯ ಮುಂದೆ ಹೋಯಿತು. ಜ್ಯೂರಿ ವೈದ್ಯರ ಮೇಲೆ ಕ್ರಿಮಿನಲ್ ಆರೋಪ ಹೊರಿಸದೆ, ಇಷ್ಟು ಗಂಟೆ ನಿದ್ದೆಗೆಟ್ಟವರನ್ನು ಮೇಲ್ವಿಚಾರಣೆ ಇಲ್ಲದೆ ಬಿಟ್ಟ ವ್ಯವಸ್ಥೆಯ ಕಡೆಗೆ ಬೆರಳು ತೋರಿಸಿತು. ಬರ್ಟ್ರಂಡ್ ಬೆಲ್ ಎಂಬ ವೈದ್ಯರ ನೇತೃತ್ವದ ಸಮಿತಿಯ ಶಿಫಾರಸಿನಂತೆ 1989ರಲ್ಲಿ ನ್ಯೂಯಾರ್ಕ್ ರಾಜ್ಯ ರೆಸಿಡೆಂಟರ ಕೆಲಸವನ್ನು ವಾರಕ್ಕೆ 80 ಗಂಟೆಗೆ, ಒಂದೇ ಸಮನೆ 24 ಗಂಟೆಗೆ ಮಿತಿಗೊಳಿಸಿತು. 2003ರಲ್ಲಿ 80 ಗಂಟೆಯ ಮಿತಿ ಅಮೆರಿಕಕ್ಕೆಲ್ಲ ಬಂತು. ವಾರಕ್ಕೆ 80 ಗಂಟೆ ಎಂಬುದು ಸುಧಾರಣೆಯೆಂದಾದರೆ, ಮೊದಲು ಏನಿದ್ದಿರಬಹುದು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಲಿಬ್ಬಿಯ ಸಾವಿನ ಕತೆಯಲ್ಲಿ ಆ ಇಬ್ಬರು ಯುವ ವೈದ್ಯರ ಮನಸ್ಸಿಗೆ ಏನಾಯಿತು ಎಂದು ಕೇಳಿದವರು ಕಡಿಮೆ. ಈ ಪ್ರಶ್ನೆಗೊಂದು ಹೆಸರು ಸಿಗಲು 2000ದ ತನಕ ಕಾಯಬೇಕಾಯಿತು. ಆ ವರ್ಷ ಹಾಪ್ಕಿನ್ಸ್‌ನವರೇ ಆದ ಆಲ್ಬರ್ಟ್ ವೂ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಅವರು ತರಬೇತಿಯಲ್ಲಿದ್ದಾಗ ಜೊತೆಯ ರೆಸಿಡೆಂಟ್ ಒಬ್ಬ ಇ.ಸಿ.ಜಿ.ಯಲ್ಲಿದ್ದ ಅಪಾಯದ ಗುರುತನ್ನು ಗಮನಿಸಲಿಲ್ಲ. ಸುದ್ದಿ ಹರಡಿತು, ಸಹಪಾಠಿಗಳೆಲ್ಲ ಸೇರಿ ಅವನನ್ನು ಅಸಮರ್ಥನೆಂದು ತೀರ್ಮಾನಿಸಿಬಿಟ್ಟರು. ತಾನಾಗಿದ್ದರೂ ಅದೇ ತಪ್ಪು ಮಾಡುತ್ತಿದ್ದೆನೇ ಎಂಬ ಅಳುಕು ವೂ ಅವರೊಳಗೆ ಉಳಿದುಕೊಂಡಿತು. ಅಚಾತುರ್ಯದ ಮೊದಲ ಬಲಿ ರೋಗಿ, ‘ಎರಡನೆಯ ಬಲಿ’ ಆ ವೈದ್ಯ ಎಂದು ಅವರು ಕರೆದರು. ಪದದ ಬಗ್ಗೆ ಆಕ್ಷೇಪಗಳೂ ಬಂದವು. ಮಗುವನ್ನು ಕಳೆದುಕೊಂಡ ಮನೆಯವರ ಎದುರು ವೈದ್ಯನನ್ನೂ ಬಲಿ ಎನ್ನುವುದು ಸರಿಯೇ? ಆಕ್ಷೇಪ ನ್ಯಾಯವಾದದ್ದೇ. ಆದರೆ ಇಪ್ಪತ್ತಾರು ವರ್ಷದ ವೈದ್ಯೆಯೊಬ್ಬಳು ತನ್ನ ಕೈಯಲ್ಲಿ ಹೋದ ಮೊದಲ ಜೀವವನ್ನು ಹೊತ್ತುಕೊಂಡು ಮುಂದಿನ ಬೆಡ್ಡಿಗೆ ನಡೆಯಬೇಕಾಗುತ್ತದೆ ಎಂಬುದೂ ಸುಳ್ಳಲ್ಲ.

ಗಂಟೆ ಇಳಿಸಿದರೆ ಎಲ್ಲವೂ ಸರಿಹೋಗುವುದೇ ಎಂಬ ವಾದ ಅಮೆರಿಕದಲ್ಲಿ ಇಂದಿಗೂ ಮುಗಿದಿಲ್ಲ. 2011ರಲ್ಲಿ ಮೊದಲ ವರ್ಷದವರ ಪಾಳಿಯನ್ನು 16 ಗಂಟೆಗೆ ಇಳಿಸಿದರು, 2017ರಲ್ಲಿ ಮತ್ತೆ 24ಕ್ಕೆ ಏರಿಸಿದರು. ಪಾಳಿ ಬದಲಾದಷ್ಟೂ ರೋಗಿ ಒಬ್ಬರಿಂದೊಬ್ಬರಿಗೆ ಕೈಬದಲಾಗುತ್ತಾನೆ, ಅಲ್ಲೂ ತಪ್ಪುಗಳಾಗುತ್ತವೆ ಎಂಬುದು ಒಂದು ಪಕ್ಷ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಲವು ದೇಶಗಳ 54 ಸಂಶೋಧನೆಗಳನ್ನು, ಹದಿನೇಳು ಸಾವಿರಕ್ಕೂ ಮಿಕ್ಕಿದ ರೆಸಿಡೆಂಟರ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿತು. ಅವರಲ್ಲಿ ಸುಮಾರು ಶೇಕಡಾ 29 ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣ ಕಂಡುಬಂತು. 2010ರ ಇನ್ನೊಂದು ಅಧ್ಯಯನ ಅದಕ್ಕಿಂತ ಕಣ್ಣು ತೆರೆಸುವಂಥದು. ಇಂಟರ್ನ್‌ಶಿಪ್‌ಗೆ ಸೇರುವ ಮೊದಲು ಶೇಕಡಾ 4ರಷ್ಟಿದ್ದ ಖಿನ್ನತೆ ಆ ವರ್ಷದಲ್ಲಿ ಸರಾಸರಿ ಶೇಕಡಾ 25ಕ್ಕೂ ಮೇಲೇರಿತ್ತು. ಅಂದರೆ ದುರ್ಬಲ ಮನಸ್ಸಿನವರು ಬಂದು ಸೇರುತ್ತಾರೆ ಎಂಬ ಹಳೆಯ ಮಾತು ನಿಲ್ಲುವುದಿಲ್ಲ. ಗಟ್ಟಿ ಇದ್ದವರೇ ಬರುತ್ತಾರೆ, ಅಲ್ಲಿ ಬಂದ ಮೇಲೆ ಸವೆಯುತ್ತಾರೆ.

ಬ್ರಿಟನ್ನಿನ ಒಂದು ಪ್ರಕರಣವನ್ನು ಹೇಳದೆ ಮುಂದೆ ಹೋಗಲಾರೆವು, ಯಾಕೆಂದರೆ ಅದರ ನಡುವೆ ಇರುವುದು ಭಾರತೀಯ ಮೂಲದ ಹೆಣ್ಣುಮಗಳು. ಡಾಕ್ಟರ್ ದಕ್ಷಾ ಎಮ್ಸನ್ ಮನೋವೈದ್ಯ ವಿಭಾಗದಲ್ಲೇ ತರಬೇತಿ ಪಡೆಯುತ್ತಿದ್ದವರು. ಅವರಿಗೆ ಬೈಪೋಲಾರ್ ಕಾಯಿಲೆ ಇತ್ತು. ಮನಸ್ಸಿನ ಕಾಯಿಲೆಗಳನ್ನು ವಾಸಿಮಾಡುವ ಇಲಾಖೆಯಲ್ಲಿದ್ದುಕೊಂಡೇ, ಕೆಲಸಕ್ಕೆ ಕುತ್ತು ಬಂದೀತೆಂಬ ಭಯದಿಂದ ಅವರು ತಮ್ಮ ಕಾಯಿಲೆಯನ್ನು ಆದಷ್ಟು ಮರೆಯಲ್ಲಿಟ್ಟಿದ್ದರು. 2000ದ ಅಕ್ಟೋಬರಿನಲ್ಲಿ, ಹೆರಿಗೆಯಾದ ಮೂರು ತಿಂಗಳಿಗೆ, ಕಾಯಿಲೆ ಮರುಕಳಿಸಿ ತಾಯಿಯೂ ಹಸುಳೆಯೂ ಇಲ್ಲವಾದರು. 2003ರಲ್ಲಿ ಬಂದ ತನಿಖಾ ವರದಿ, ವೈದ್ಯರು ರೋಗಿಗಳಾದಾಗ ಅವರಿಗೆ ಗುಟ್ಟಾಗಿ, ಗೌರವದಿಂದ ಚಿಕಿತ್ಸೆ ಸಿಗುವ ದಾರಿಯೇ ಇಲ್ಲವೆಂದು ಎತ್ತಿತೋರಿಸಿತು. ಅದರ ಫಲವಾಗಿ 2008ರಲ್ಲಿ ಲಂಡನ್ನಿನಲ್ಲಿ ವೈದ್ಯರಿಗೆಂದೇ ಪ್ರತ್ಯೇಕವಾದ ಚಿಕಿತ್ಸಾ ಸೇವೆ ಆರಂಭವಾಯಿತು. ತಾನು ಕೆಲಸ ಮಾಡುವ ಆಸ್ಪತ್ರೆಯ ಹೊರಗೆ, ಮೇಲಧಿಕಾರಿಗೆ ತಿಳಿಯದಂತೆ ಹೋಗಬಹುದಾದ ಸ್ಥಳ. ಇಷ್ಟು ಸಣ್ಣ ಸೌಲಭ್ಯಕ್ಕೆ ಎರಡು ಜೀವ ಹೋಗಬೇಕಾಯಿತು.

ನಮ್ಮ ದೇಶದ ಕಡೆಗೆ ಬರೋಣ. ಕೇಂದ್ರ ಆರೋಗ್ಯ ಸಚಿವಾಲಯ 1992ರ ಜೂನ್ 5ರಂದು ಏಕರೂಪದ ರೆಸಿಡೆನ್ಸಿ ಯೋಜನೆಯ ಕುರಿತು ಒಂದು ನಿರ್ದೇಶನ ಹೊರಡಿಸಿತು. ಕಿರಿಯ ರೆಸಿಡೆಂಟರು ಸಾಮಾನ್ಯವಾಗಿ ವಾರಕ್ಕೆ 48 ಗಂಟೆ ಕೆಲಸ ಮಾಡಬೇಕು, ಒಂದೇ ಸಮನೆ 12 ಗಂಟೆ ಮೀರಬಾರದು, ಸರದಿಯಂತೆ ವಾರಕ್ಕೊಂದು ರಜೆ ಇರಬೇಕು ಎಂದು ಅದು ಹೇಳಿತು. ಓದಿದರೆ ಕಣ್ಣಿಗೆ ತಂಪು. ಆದರೆ ಅದರಲ್ಲಿ ‘ಕೆಲಸದ ಅನಿವಾರ್ಯತೆಗೆ ಒಳಪಟ್ಟು’ ಎಂಬ ಅರ್ಥದ ಬಾಲಂಗೋಚಿಯೂ ಇತ್ತು. ಸರಕಾರಿ ಆಸ್ಪತ್ರೆಯಲ್ಲಿ ಅನಿವಾರ್ಯವಲ್ಲದ ದಿನ ಯಾವುದಿದೆ? ಬಾಲವೇ ಇಡೀ ಆನೆಯನ್ನು ನುಂಗಿತು. ಮೂವತ್ತಾರು ಗಂಟೆಯ ಡ್ಯೂಟಿ ಎಂಬುದು ನಮ್ಮ ವೈದ್ಯರ ಬಾಯಲ್ಲಿ ಮಳೆಬಿಸಿಲಿನಷ್ಟು ಸಹಜವಾದ ಮಾತಾಯಿತು.

ಗಂಟೆಗಳಷ್ಟೇ ಅಲ್ಲ. ಮೊದಲ ವರ್ಷದ ಪೀಜಿಯ ದಿನಚರಿ ನೋಡಿ. ರೌಂಡ್ಸಿಗೆ ಮೊದಲೇ ಎದ್ದು ರಕ್ತ ತೆಗೆಯಬೇಕು, ಲ್ಯಾಬಿನ ಮುಂದೆ ನಿಂತು ರಿಪೋರ್ಟು ತರಬೇಕು, ಟ್ರಾಲಿ ತಳ್ಳುವವನಿಲ್ಲದಿದ್ದರೆ ತಾನೇ ತಳ್ಳಬೇಕು, ಬೆಡ್ಡಿಲ್ಲದ ರೋಗಿಯ ಕಡೆಯವರ ಬೈಗುಳ ಕೇಳಬೇಕು. ವಾರ್ಡ್ ಬಾಯ್, ಟೆಕ್ನೀಶಿಯನ್, ಗುಮಾಸ್ತ ಎಲ್ಲರ ಖಾಲಿ ಹುದ್ದೆಗಳಿಗೂ ಆ ಒಂದು ಬಿಳಿ ಕೋಟೇ ಉತ್ತರ. ನಡುವೆ ಥೀಸಿಸ್, ಲಾಗ್ ಬುಕ್, ಸೆಮಿನಾರ್. ಥೀಸಿಸ್ಸಿಗೆ ಸಹಿ ಹಾಕುವವರು ಯುನಿಟ್ಟಿನ ಹಿರಿಯರು, ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಳಗಿನ ಪರೀಕ್ಷಕರಾಗಿ ಕೂರುವವರೂ ಹೆಚ್ಚಾಗಿ ಅವರೇ. ಹಾಗಿರುವಾಗ ದೂರು ಕೊಡುವುದು ಯಾರಿಗೆ? ಉಸ್ತಾದ್ ಮತ್ತು ಶಾಗಿರ್ದ್ ನಡುವಣ ಅದಬಿನ ಬಗ್ಗೆ ನಮ್ಮ ಮನೆಗಳಲ್ಲಿ ದೊಡ್ಡ ದೊಡ್ಡ ಮಾತಾಡುತ್ತೇವೆ. ಶಾಗಿರ್ದನ ಬದುಕೆಲ್ಲ ಒಂದು ಸಹಿಯಲ್ಲಿ ನೇತಾಡುವಾಗ ಅಲ್ಲಿ ಅದಬು ಎಷ್ಟು, ಅಂಜಿಕೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಈ ಪಿರಮಿಡ್ಡಿನ ಮೇಲೆ ಭಾರತದ್ದೇ ಆದ ಇನ್ನೊಂದು ಭಾರವೂ ಕೂತಿದೆ. ಮುಂಬಯಿಯ ನಾಯರ್ ಆಸ್ಪತ್ರೆಗೆ ಸೇರಿದ ಟೋಪಿವಾಲಾ ರಾಷ್ಟ್ರೀಯ ವೈದ್ಯಕೀಯ ಕಾಲೇಜಿನಲ್ಲಿ ಸ್ತ್ರೀರೋಗ ವಿಭಾಗದ ಎರಡನೆಯ ವರ್ಷದಲ್ಲಿದ್ದ ಡಾಕ್ಟರ್ ಪಾಯಲ್ ತಡ್ವಿ 2019ರ ಮೇ 22ರಂದು ತೀರಿಕೊಂಡರು. ಆಗ ಅವರಿಗೆ 26 ವರ್ಷ. ಅಂದರೆ 48 ಗಂಟೆಯ ಆ ನಿರ್ದೇಶನಕ್ಕೂ ಅವರಿಗೂ ಹೆಚ್ಚುಕಡಿಮೆ ಒಂದೇ ಪ್ರಾಯ. ಜಲಗಾಂವ್ ಕಡೆಯ ತಡ್ವಿ ಭಿಲ್ ಎಂಬ ಆದಿವಾಸಿ ಮುಸ್ಲಿಂ ಸಮುದಾಯದ ಮಗಳು. ಮೀಸಲಾತಿಯಲ್ಲಿ ಸೀಟು ಪಡೆದವಳೆಂದು ಮೂವರು ಹಿರಿಯ ಸಹಪಾಠಿಗಳು ಸತತವಾಗಿ ಹೀಯಾಳಿಸುತ್ತಿದ್ದರು, ಹೆರಿಗೆ ಕೋಣೆಯ ಕೆಲಸದಿಂದ ದೂರವಿಡುತ್ತಿದ್ದರು ಎಂಬುದು ಮನೆಯವರ ದೂರು. ಆಸ್ಪತ್ರೆಯಲ್ಲಿ ಹೇಳಿಕೊಂಡರೂ ಪ್ರಯೋಜನವಾಗಲಿಲ್ಲವೆಂದು ತಾಯಿ ಆಬಿದಾ ತಡ್ವಿ ಹೇಳಿದರು. ಮೂವರ ಬಂಧನವಾಯಿತು, ಅದೇ ವರ್ಷ ಜಾಮೀನು ಸಿಕ್ಕಿತು. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅವರಿಗೆ ಅದೇ ಕಾಲೇಜಿನಲ್ಲಿ ಓದು ಮುಂದುವರಿಸಲು ಅನುಮತಿ ಕೊಟ್ಟಿತು. ತೀರ್ಪು ಬರುವ ತನಕ ಆರೋಪ ಆರೋಪವೇ, ನಾವು ನ್ಯಾಯಾಧೀಶರಲ್ಲ.

ಆದರೆ ಒಂದು ಮಾತು ಹೇಳಬಹುದು. ಮುಸ್ಲಿಂ ಪತ್ರಿಕೆಗಳಲ್ಲಿ ಪಾಯಲ್ ಮುಸ್ಲಿಂ ಎಂದು ಬರೆದರು, ಆದಿವಾಸಿ ಸಂಘಟನೆಗಳು ಆದಿವಾಸಿ ಎಂದವು. ಎರಡೂ ನಿಜ, ಆ ಎರಡನ್ನೂ ಹೊತ್ತುಕೊಂಡು ಆಕೆ ವಾರ್ಡಿಗೆ ಹೋಗಬೇಕಾಗಿತ್ತು. ‘ಪಾಯಲ್’ ಎಂಬ ಹೆಸರು ಕೇಳಿ ಇವಳು ನಮ್ಮವಳೇ ಎಂದು ಹುಬ್ಬೇರಿಸಿದವರು ನಮ್ಮ ನಡುವೆಯೂ ಇದ್ದರು. ಶ್ರೇಣಿಯ ಕಾಯಿಲೆ ಒಂದೇ ಮನೆಯಲ್ಲಿಲ್ಲ. ರೋಹಿತ್ ವೇಮುಲನ ತಾಯಿ ರಾಧಿಕಾ ಮತ್ತು ಆಬಿದಾ ಇಬ್ಬರೂ 2019ರಲ್ಲಿ ಜೊತೆಯಾಗಿ ಸುಪ್ರೀಂ ಕೋರ್ಟಿಗೆ ಹೋಗಿ, ಕ್ಯಾಂಪಸ್ಸುಗಳಲ್ಲಿ ಜಾತಿ ತಾರತಮ್ಯ ತಡೆಯುವ ನಿಯಮಗಳು ಜಾರಿಯಾಗಲಿ ಎಂದು ಕೇಳಿದರು.

2024ರ ಆಗಸ್ಟ್ 9ರ ಕೋಲ್ಕತ್ತವನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಡ್ಯೂಟಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಮಲಗಲು ಹೋದ ಪೀಜಿ ವೈದ್ಯೆಯ ಅತ್ಯಾಚಾರ ಮತ್ತು ಕೊಲೆ ನಡೆಯಿತು. ದೇಶವೆಲ್ಲ ಅಪರಾಧಿಯ ಬಗ್ಗೆ ಮಾತಾಡಿತು, ಮಾತಾಡಲೇಬೇಕಿತ್ತು. ಆದರೆ ಆಕೆ ಸೆಮಿನಾರ್ ಹಾಲಿನಲ್ಲಿ ಯಾಕೆ ಮಲಗಬೇಕಾಯಿತು? ಆ ತಿಂಗಳು ಭಾರತೀಯ ವೈದ್ಯಕೀಯ ಸಂಘ 3,885 ವೈದ್ಯರನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ ಶೇಕಡಾ 45 ಮಂದಿ ರಾತ್ರಿಪಾಳಿಯಲ್ಲಿ ತಮಗೆ ಡ್ಯೂಟಿ ರೂಮೇ ಇಲ್ಲವೆಂದಿದ್ದರು. ರೆಸಿಡೆಂಟ್ ಎಂದರೆ ಆಸ್ಪತ್ರೆಯಲ್ಲಿ ವಾಸವಾಗಿರುವವರು ಎಂದು ಮೊದಲು ಹೇಳಿದೆವಲ್ಲ, ಆ ವಾಸಕ್ಕೆ ಚಿಲಕವಿರುವ ಒಂದು ಕೋಣೆಯೂ ಇಲ್ಲ.

ಅಂಕಿಅಂಶಗಳೂ ಈಗ ಕೈಗೆ ಸಿಗತೊಡಗಿವೆ. ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೊಟ್ಟ ಉತ್ತರದ ಪ್ರಕಾರ ಐದು ವರ್ಷಗಳಲ್ಲಿ 122 ವೈದ್ಯಕೀಯ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದರು, ಅವರಲ್ಲಿ 58 ಮಂದಿ ಸ್ನಾತಕೋತ್ತರರು. ಅದೇ ಅವಧಿಯಲ್ಲಿ 1,270 ಮಂದಿ ಓದನ್ನೇ ಬಿಟ್ಟುಹೋದರು, ಅವರಲ್ಲಿ 1,117 ಮಂದಿ ಪೀಜಿಗಳು. ಈ ಎರಡನೆಯ ಅಂಕಿಯ ಹಿಂದೆ ಇನ್ನೊಂದು ಕತೆಯಿದೆ. ಸೀಟು ಬಿಟ್ಟು ಹೋಗುವವರು ದಂಡ ಕಟ್ಟಬೇಕೆಂಬ ಬಾಂಡ್ ಹಲವು ರಾಜ್ಯಗಳಲ್ಲಿತ್ತು, ಕೆಲವೆಡೆ ಅದು 50 ಲಕ್ಷ ರೂಪಾಯಿಯವರೆಗೂ ಇತ್ತು. ಉಸಿರು ಕಟ್ಟಿದವನಿಗೆ ಬಾಗಿಲು ತೆರೆದಿದೆ, ಹೊಸ್ತಿಲು ದಾಟಲು ಮಾತ್ರ ಅರ್ಧ ಕೋಟಿ. 2024ರ ಜನವರಿಯಲ್ಲಿ ಆಯೋಗವೇ ರಾಜ್ಯಗಳಿಗೆ ಬರೆದು, ಈ ಬಾಂಡ್ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯಕ್ಕೆ ಕುತ್ತಾಗಿದೆ, ತೆಗೆದುಹಾಕಿ ಎಂದು ಕೇಳಿಕೊಂಡಿತು.

ಆಯೋಗ ನೇಮಿಸಿದ ಕಾರ್ಯಪಡೆಯ ವರದಿಯೂ 2024ರಲ್ಲಿ ಹೊರಬಂತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಡಾಕ್ಟರ್ ಸುರೇಶ್ ಬಡ ಮಠ ಅದರ ಅಧ್ಯಕ್ಷರು. ಆನ್‌ಲೈನಿನಲ್ಲಿ ತಾವಾಗಿ ಉತ್ತರಿಸಿದವರ ಸಮೀಕ್ಷೆ ಅದು, ಹಾಗಾಗಿ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಆದರೂ ಉತ್ತರಿಸಿದ 5,337 ಸ್ನಾತಕೋತ್ತರರಲ್ಲಿ ಶೇಕಡಾ 31ರಷ್ಟು ಮಂದಿ ಬದುಕು ಸಾಕೆನ್ನಿಸುವ ಯೋಚನೆ ಬಂದದ್ದನ್ನು ಹೇಳಿಕೊಂಡರು. ಶೇಕಡಾ 45 ಮಂದಿ ವಾರಕ್ಕೆ 60 ಗಂಟೆ ಮೀರಿ ದುಡಿಯುತ್ತಿದ್ದರು, ಅರ್ಧಕ್ಕೂ ಹೆಚ್ಚು ಮಂದಿಗೆ ವಾರದ ರಜೆ ಇರಲಿಲ್ಲ. ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ದಿನ ರಜೆ ಬೇಕು, ಪ್ರತಿದಿನ ಏಳೆಂಟು ಗಂಟೆಯ ನಿದ್ದೆ ಬೇಕು ಎಂಬುದು ಅದರ ಶಿಫಾರಸುಗಳಲ್ಲಿ ಕೆಲವು. 1992ರಲ್ಲಿ 48, 2024ರಲ್ಲಿ 74. ಮೂವತ್ತೆರಡು ವರ್ಷಗಳಲ್ಲಿ ನಮ್ಮ ಔದಾರ್ಯ ಯಾವ ದಿಕ್ಕಿಗೆ ಬೆಳೆದಿದೆ ನೋಡಿ. ಇದರಲ್ಲಿ ಕಾರ್ಯಪಡೆಯ ತಪ್ಪೇನೂ ಇಲ್ಲ, ಅವರು ನಡೆಯಬಹುದಾದದ್ದನ್ನು ಹೇಳಿದರು. ಅದಕ್ಕೂ ಸ್ವಲ್ಪ ಮೊದಲು ಬಂದ ಆಯೋಗದ 2023ರ ಸ್ನಾತಕೋತ್ತರ ನಿಯಮಗಳಂತೂ ಅಂಕಿಯ ಗೊಡವೆಗೇ ಹೋಗದೆ ‘ಸಮಂಜಸವಾದ ಕೆಲಸದ ಅವಧಿ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದವು.

ಕಾಲೇಜುಗಳಲ್ಲಿ ಈಗ ಮನಸ್ಸಿನ ಆರೋಗ್ಯದ ಕಾರ್ಯಕ್ರಮಗಳು ನಡೆಯುತ್ತವೆ. ಒತ್ತಡ ನಿವಾರಣೆಯ ಉಪನ್ಯಾಸ, ಯೋಗ, ಧ್ಯಾನ, ಒಂದು ಫೋಟೊ. ಇವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ರಾತ್ರಿಯೆಲ್ಲ ಡ್ಯೂಟಿ ಮಾಡಿದವರನ್ನು ಬೆಳಿಗ್ಗೆ ಒತ್ತಡ ನಿವಾರಣೆಯ ಉಪನ್ಯಾಸಕ್ಕೆ ಕಡ್ಡಾಯವಾಗಿ ಕೂರಿಸುವುದನ್ನು ಏನೆನ್ನೋಣ? ಆ ಒಂದು ಗಂಟೆ ಅವರನ್ನು ಮಲಗಲು ಬಿಟ್ಟರೆ ಸಾಕಿತ್ತು. ಬೋಸ್ಟನ್ನಿನಲ್ಲಿ 1997ರಿಂದ ಬೇರೊಂದು ಪದ್ಧತಿ ನಡೆದುಬಂದಿದೆ. ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಕೆನೆತ್ ಶ್ವಾರ್ಟ್ಸ್ ಎಂಬ ವಕೀಲನ ನೆನಪಿನಲ್ಲಿ ಹುಟ್ಟಿದ ‘ಶ್ವಾರ್ಟ್ಸ್ ರೌಂಡ್ಸ್’ ಅದು. ಪ್ರೊಫೆಸರರಿಂದ ಹಿಡಿದು ದಾದಿಯರ ತನಕ ಎಲ್ಲರೂ ಒಟ್ಟಿಗೆ ಕೂತು ರೋಗದ ಬಗ್ಗೆ ಅಲ್ಲ, ಆ ರೋಗಿ ತಮ್ಮ ಮನಸ್ಸಿಗೆ ಏನು ಮಾಡಿದ ಎಂಬುದರ ಬಗ್ಗೆ ಮಾತಾಡುತ್ತಾರೆ. ಖರ್ಚು ಹೆಚ್ಚಿಲ್ಲ. ಯುನಿಟ್ ಚೀಫ್ ತಾನೂ ಒಮ್ಮೆ ನಡುಗಿದ್ದೆ ಎಂದು ಕಿರಿಯರೆದುರು ಬಾಯಿಬಿಡಬೇಕಾಗುತ್ತದೆ. ನಮ್ಮಲ್ಲಿ ಕಷ್ಟವಾಗುವುದು ಅದೇ ಇರಬೇಕು.

ಒಂದು ಅನುಕೂಲ ಮಾತ್ರ ಈಗ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ನಿಮ್ಹಾನ್ಸ್ ಅದರ ಕೇಂದ್ರ. ಕನ್ನಡದಲ್ಲೂ ಉರ್ದುವಿನಲ್ಲೂ ಮಾತಾಡಬಹುದು, ಕಾಲೇಜಿಗೆ ತಿಳಿಸಬೇಕಾಗಿಲ್ಲ. ಈ ಬರಹ ಓದುವ ಪೀಜಿ ಯಾರಾದರೂ ಇದ್ದರೆ, ಅಥವಾ ಅಂತಹ ಮಗನೋ ಮಗಳೋ ಇರುವ ಮನೆಯಿದ್ದರೆ, ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ನೀಟ್‌ನಲ್ಲಿ ಸೀಟು ಸಿಕ್ಕಿದ ದಿನ ಮೊಹಲ್ಲಾಕ್ಕೆಲ್ಲ ಮಿಠಾಯಿ ಹಂಚುವ ನಾವು, ಆರು ತಿಂಗಳ ನಂತರ ಮಗಳು ಫೋನು ಮಾಡಿ ‘ಬಿಟ್ಟುಬರಲಾ?’ ಎಂದಾಗ ‘ಇಷ್ಟು ಓದಿಸಿದ್ದು ಇದಕ್ಕೇನಾ’ ಎನ್ನುತ್ತೇವೆ. ಅವಳು ನಿಜಕ್ಕೂ ಕೇಳುತ್ತಿರುವುದು ಸೀಟಿನ ಬಗ್ಗೆಯೇ ಎಂದು ತಿಳಿದುಕೊಳ್ಳಬೇಡಿ.

ವೈದ್ಯರ ಸಂಘಟನೆಯೊಂದು 2025ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿತು. ಹೊಸದಾಗಿ ಏನನ್ನೂ ಕೇಳಿರಲಿಲ್ಲ. 1992ರ ಜೂನ್ 5ರ ನಿರ್ದೇಶನವನ್ನು ಜಾರಿಗೆ ತನ್ನಿ ಎಂದಷ್ಟೇ ಕೇಳಿತ್ತು.